ಗೋಡೆಗೊರಗಿದ ಕೆಂಪು

ನವೆಂಬರ್ ೧೭, ಭಾನುವಾರ ಮಧ್ಯಾಹ್ನ

ಪ್ರೀತಿಯ ಗೀಜಗ,

ಬೈಯಬೇಡ. ರೈಲಿನ ಕಿಟಕಿಯಲ್ಲಿ ಕೈಯಿಟ್ಟು "ವಾರಕ್ಕೊಂದು ಪತ್ರ, ಕೈಬರಹದಲ್ಲಿ, ಖಂಡಿತ" ಎಂದು ಮಾತು ಕೊಟ್ಟವಳು ನಾನೇ. ನೀನು ಹೋಗಿ ಮೂರು ವಾರವಾಗುತ್ತ ಬಂತು, ಇದು ಮೊದಲನೆಯ ಪತ್ರ. ಪೆನ್ನು ಒಣಗಿತ್ತು, ಕೆಲಸ ಹೆಚ್ಚಿತ್ತು ಎಂದೆಲ್ಲ ಬರೆಯಬಹುದು. ನಿಜ ಹೇಳಬೇಕೆಂದರೆ, ಪತ್ರದಲ್ಲಿ ಸುಳ್ಳು ಹೇಳುವುದು ನನಗೆ ಕಷ್ಟ. ಫೋನಿನಲ್ಲಾದರೆ "ಆರಾಮಾಗಿದೀನಿ, ನೀನು ಊಟ ಮಾಡಿದ್ಯಾ?" ಎಂದು ಹೇಳಿ ಪಾರಾಗಿಬಿಡುತ್ತೇನೆ. ಕಾಗದ ಹಾಗಲ್ಲ, ಒಂದು ಸಾಲು ಬರೆದು ಮೇಲೆ ನೋಡಿದರೆ ಅದು ಅಲ್ಲೇ ಕೂತು ನನ್ನನ್ನು ನೋಡುತ್ತಿರುತ್ತದೆ.

ಮೊದಲು ಮನೆಯ ಸುದ್ದಿ. ಬಚ್ಚಲಿನ ನಲ್ಲಿ ಕೊನೆಗೂ ರಿಪೇರಿಯಾಯಿತು. ಅದು ತೊಟ್ಟಿಕ್ಕುವ ಸದ್ದು ನಿಂತಮೇಲೆ ಮನೆ ಎಷ್ಟು ದೊಡ್ಡದು ಎಂದು ಗೊತ್ತಾಯಿತು. ನಿನ್ನ ಕೋಣೆಯ ಬಾಗಿಲನ್ನು ಅರ್ಧ ತೆರೆದು ಇಟ್ಟಿದ್ದೇನೆ; ಪೂರ್ತಿ ತೆರೆದರೆ ಖಾಲಿ ಕಾಣುತ್ತದೆ, ಮುಚ್ಚಿದರೆ ನೀನು ಒಳಗೆ ಮುನಿಸಿಕೊಂಡು ಕೂತ ಹಾಗೆ ಅನ್ನಿಸುತ್ತದೆ. ಒಗೆದು ಮಡಚಿಟ್ಟ ಟವೆಲ್ಲುಗಳಲ್ಲಿ ಯಾವುದಕ್ಕೂ ಅಂಚು ನೆಟ್ಟಗಿಲ್ಲ. ಚಿಕ್ಕಂದಿನಿಂದ ನೀನು ಒಂದೊಂದೇ ದಾರ ಎಳೆದು ಬೆರಳಿಗೆ ಸುತ್ತಿಕೊಂಡು, ಗೀಜಗ ಎಂದು ಹೆಸರು ಗಿಟ್ಟಿಸಿಕೊಂಡದ್ದರ ಗುರುತು. ಹೊಸ ಟವೆಲ್ಲು ಕೊಳ್ಳೋಣ ಎಂದುಕೊಂಡವಳು ಅಂಗಡಿಯವರೆಗೂ ಹೋಗಿ ಬರಿಗೈಯಲ್ಲಿ ವಾಪಸ್ಸು ಬಂದೆ.

ಕೆಳಗಿನ ಮನೆಯ ಅಜ್ಜಿ ಮೆಟ್ಟಿಲಲ್ಲಿ ಹಿಡಿದು ನಿಲ್ಲಿಸಿದರು. "ಮಗಳು ಕಾಣ್ತಾ ಇಲ್ಲ?" ಎಂದರು.

"ಎರಡು ತಿಂಗಳ ತರಬೇತಿ ಅಜ್ಜಿ, ಕಟ್ಟಡದ ನಕ್ಷೆ ಬಿಡಿಸೋ ಕಚೇರೀಲಿ. ಹಾಗೇ ನೆಂಟರನ್ನೂ ನೋಡ್ಕೊಂಡು ಬರ್ತಾಳೆ."

"ಯಾವ ನೆಂಟರು? ನಿಮಗೆ ನೆಂಟರೇ ಇಲ್ವಲ್ಲಮ್ಮ! ಇಷ್ಟು ವರ್ಷದಲ್ಲಿ ಒಂದು ನರಪಿಳ್ಳೆ ಬಂದು ಬೆಲ್ ಒತ್ತಿದ್ದು ನಾ ನೋಡಿಲ್ಲ."

"ಅವಳ ಕಡೆ ನೆಂಟರು" ಎಂದೆ. ಮಾತು ಬಾಯಿಂದ ಹೊರಬಿದ್ದ ಮೇಲೆ ಅದರ ರುಚಿ ತಿಳಿಯಿತು. ಅವಳ ಕಡೆ, ನನ್ನ ಕಡೆ. ನಮ್ಮ ನಡುವೆ ಕಡೆಗಳು ಯಾವಾಗ ಹುಟ್ಟಿದವು?

ನಿನ್ನನ್ನು ಹೆತ್ತ ತಾಯಿಯನ್ನು ನೀನು ಕಂಡದ್ದು ನನಗೆ ನಿಜವಾಗಿಯೂ ಸಂತೋಷ ಕೊಟ್ಟಿದೆ, ಇದನ್ನು ನಂಬು. ಹೋಗು ಎಂದು ಟಿಕೆಟ್ಟು ತೆಗೆಸಿದವಳೂ ನಾನೇ. ಅವತ್ತು ಫೋನಿನಲ್ಲಿ ನೀನು ಉಸಿರಾಡಲೂ ಪುರಸೊತ್ತಿಲ್ಲದ ಹಾಗೆ ಹೇಳಿದ್ದೆಲ್ಲ ನೆನಪಿದೆ: ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತಿದ್ದರಂತೆ, ನೀನು ಗಂಟಲುನೋವಿನ ಮಾತ್ರೆ ಕೇಳಿದೆಯಂತೆ, ಮೊದಲೇ ಫೋಟೋ ಕಳಿಸಿದ್ದರೂ ಇಬ್ಬರಿಗೂ ಗುರುತು ಹೇಳಲು ಧೈರ್ಯ ಬರದೆ ಮಾತ್ರೆಯ ಬೆಲೆ ಮಾತಾಡಿದಿರಂತೆ. ನಗು ಬಂತು. ಆಮೇಲೆ ನೀನು ಹೇಳಿದೆ, "ಅವರ ಕಿವೀನೂ ಮಡಚಿದೆ ಅಮ್ಮಾ! ಎಡಗಡೇದೇ! ಅದೇ ಜಾಗ!"

ನಾನು "ಹೌದಾ!" ಎಂದೆ. ಒಳಗೆ ಬೇರೆ ಯಾರದೋ ದನಿ ಕೇಳಿಸಿತು. ನಿನ್ನ ಎಡಗಿವಿಯ ತುದಿಯ ಮಡಿಕೆ ನೋಡಿ ನಿನ್ನಪ್ಪ ಏನೆನ್ನುತ್ತಿದ್ದರು, ನೆನಪಿದೆಯೇ? ನೀನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅವರು ತೀರಿಹೋದರು, ನೆನಪಿರಲಿಕ್ಕಿಲ್ಲ. "ಯಾರೋ ಓದ್ತಾ ಓದ್ತಾ ಗುರುತಿಗೆ ಅಂತ ಹಾಳೆ ಮಡಚಿಟ್ಟು ಎದ್ದು ಹೋಗಿದಾರೆ ಕಣೇ" ಎನ್ನುತ್ತಿದ್ದರು. ನಗುತ್ತಿದ್ದೆವು. ಮಡಚಿಟ್ಟವರು ಮತ್ತೆ ಬಂದು ಅಲ್ಲಿಂದಲೇ ಓದು ಮುಂದುವರಿಸಬಹುದು ಎಂಬುದು ಆಗ ಇಬ್ಬರಿಗೂ ಹೊಳೆದಿರಲಿಲ್ಲ.

ಅದೇ ಫೋನಿನಲ್ಲಿ, ಇಡುವ ಮೊದಲು, ನೀನು ದನಿ ತಗ್ಗಿಸಿ ಕೇಳಿದೆ, "ಅವರನ್ನ ಏನಂತ ಕರೀಲಿ?"

"ಅಮ್ಮ ಅಂತಾನೇ ಕರಿ. ಹೆತ್ತವರನ್ನ ಇನ್ನೇನಂತಾರೆ? ಬಾಯೇನು ಸವೆಯುತ್ತಾ?" ಎಂದೆ. ಎಷ್ಟು ಸಲೀಸಾಗಿ ಹೇಳಿದೆ ನೋಡು.

ಇರಲಿ. ಈಗ ಕೆಲಸದ ಸುದ್ದಿ. ಈ ಪತ್ರ ಬರೆಯಲು ಕೂತದ್ದೇ ಅದಕ್ಕೆ. ಶುಕ್ರವಾರ ನಾನೊಂದು ಪೆದ್ದು ಕೆಲಸ ಮಾಡಿದೆ, ಅದಕ್ಕೆ ನೀನೂ ಪಾಲುದಾರಳು.

ನಮ್ಮ ಲ್ಯಾಬಿನಲ್ಲಿ ಮುಂದಿನ ತಿಂಗಳು ಊರಿನವರೆಲ್ಲ ಬಂದು ನೋಡುವ ದಿನ. ಕಾರಿಡಾರಿನಲ್ಲಿ ದೊಡ್ಡ ಚಿತ್ರಗಳನ್ನು ಹಾಕಬೇಕು. ಹೊಸದಾಗಿ ಸೇರಿದ ಡಾಕ್ಟರೊಬ್ಬ ಇದ್ದಾನೆ, ಹುಷಾರಿನವನು, ಒಳ್ಳೆಯವನು, ಬಾಗಿಲು ತಟ್ಟುತ್ತಲೇ ಒಳಗೆ ಬಂದಿರುತ್ತಾನೆ. ನಾನು ಅವನನ್ನು ಆತುರದ ಡಾಕ್ಟರ್ ಎನ್ನುತ್ತೇನೆ. ಚಿತ್ರಗಳ ಜವಾಬ್ದಾರಿ ಅವನದು.

ನಾವು ಅಲ್ಲಿ ಏನು ಮಾಡುತ್ತೇವೆ ಎಂದು ನೀನು ಏಳು ವರ್ಷದವಳಾಗಿದ್ದಾಗ ಕೇಳಿದ್ದೆ. ನಾನು ಶಾಲೆಯ ಪುಸ್ತಕದಲ್ಲಿರುವ ವರ್ಣತಂತುಗಳ ಫೋಟೋ ತೋರಿಸಿದ್ದೆ. ಕೋಶವನ್ನು ಒಡೆದು, ಗಾಜಿನ ಮೇಲೆ ಚಪ್ಪಟೆಯಾಗಿ ಹರಡಿ, ಜೋಡಿ ಜೋಡಿಯಾಗಿ ಸಾಲಿನಲ್ಲಿ ನಿಲ್ಲಿಸಿದ ಫೋಟೋ. ನೀನು ನೋಡಿ, "ಸ್ಕೂಲಿನ ಗ್ರೂಪ್ ಫೋಟೋ ಥರ ಇದೆ, ಎಲ್ಲರೂ ಉಸಿರು ಬಿಗಿಹಿಡಿದಿದಾರೆ" ಎಂದೆ. ಈಗಲೂ ಹೊಸಬರಿಗೆ ಪಾಠ ಮಾಡುವಾಗ ನಿನ್ನ ಮಾತನ್ನೇ ಹೇಳುತ್ತೇನೆ. ನಮ್ಮ ಕೆಲಸ ಅದಕ್ಕೆ ತಿರುಗುಮುರುಗು. ಕೋಶವನ್ನು ಒಡೆಯದೆ, ಅದರ ನಡುವಿನ ದುಂಡಗಿನ ಕೇಂದ್ರವನ್ನು ಹಿಚುಕದೆ, ಒಳಗೆ ಯಾರು ಎಲ್ಲಿ ಕೂತಿದ್ದಾರೆ ಎಂದು ನೋಡುವುದು. ಫೋಟೋಗೆ ನಿಂತವರನ್ನಲ್ಲ, ಮನೆಯಲ್ಲಿ ತಮ್ಮ ಪಾಡಿಗೆ ಇರುವವರನ್ನು.

ವರ್ಣತಂತು ಎನ್ನುವುದು ಹೆಸರಿಗೆ ಮಾತ್ರ, ಅವಕ್ಕೆ ಸ್ವಂತ ಬಣ್ಣವಿಲ್ಲ; ಗುರುತಿಗೆ ಒಂದೊಂದಕ್ಕೂ ಒಂದು ಸಂಖ್ಯೆ ಇದೆ, ಅಷ್ಟೆ. ಹದಿನೆಂಟನೆಯದಕ್ಕೆ ಮಾತ್ರ ಹೊಂದುವ ಸಣ್ಣ ಡಿಎನ್‌ಎ ತುಣುಕುಗಳಿಗೆ ಕೆಂಪಾಗಿ ಹೊಳೆಯುವ ಬಣ್ಣ ಕಟ್ಟುತ್ತೇವೆ, ಹತ್ತೊಂಬತ್ತನೆಯದರ ತುಣುಕುಗಳಿಗೆ ಹಸಿರು. ಇವನ್ನು ಪ್ರೋಬ್ ಎನ್ನುತ್ತೇವೆ. ಕೋಶವನ್ನು ಹದವಾಗಿ ಬಿಸಿ ಮಾಡಿದರೆ ಹೆಣೆದುಕೊಂಡಿರುವ ಎಳೆಗಳು ಕೈ ಬಿಡುತ್ತವೆ. ಆಗ ಪ್ರೋಬ್‌ಗಳನ್ನು ಒಳಗೆ ಕಳಿಸಿ, ಮೈಯ ಬಿಸಿಯಷ್ಟೇ ಬಿಸಿಯಿರುವ ಕತ್ತಲೆ ಪೆಟ್ಟಿಗೆಯಲ್ಲಿ ಮಲಗಿಸಿದರೆ, ಪ್ರತಿ ತುಣುಕೂ ತನ್ನ ಜೋಡಿ ಇರುವಲ್ಲಿಗೆ ಹೋಗಿ ಅಂಟಿಕೊಳ್ಳುತ್ತದೆ. ಒಂದು ಕ್ಷಣವೂ ಒಣಗಲು ಬಿಡಬಾರದು. ಬಿಟ್ಟರೆ ಪುಸ್ತಕದಲ್ಲಿ ಒತ್ತಿಟ್ಟ ಹೂವಾಗಿಬಿಡುತ್ತದೆ.

ಆಮೇಲೆ ಕೇಂದ್ರಕ್ಕೆ ನೀಲಿ ಬಣ್ಣ ಹಾಕಿ ಕತ್ತಲೆ ಕೋಣೆಯಲ್ಲಿ ನೋಡಿದರೆ, ನೀಲಿ ಗೋಳದೊಳಗೆ ಎರಡು ಕೆಂಪು ಮೋಡ, ಎರಡು ಹಸಿರು ಮೋಡ. ಎಲ್ಲವೂ ಎರಡೆರಡು, ಹೆತ್ತ ತಾಯಿಯಿಂದ ಒಂದು, ತಂದೆಯಿಂದ ಒಂದು. ಜೋಡಿ ಎಂದು ಕರೆಯುತ್ತೇವಾದರೂ ಅವು ಒಂದರ ಪಕ್ಕ ಒಂದು ಕೂರುವುದು ಅಪರೂಪ. ಒಂದು ಈ ಮೂಲೆ, ಇನ್ನೊಂದು ಆ ಮೂಲೆ. ಮುಖ ನೋಡದೆ ಎರಡೂ ಜೀವನಪೂರ್ತಿ ಕೆಲಸ ಮಾಡುತ್ತವೆ. ಹಸಿರು, ಅಂದರೆ ಹತ್ತೊಂಬತ್ತನೆಯದು, ಕೆಲಸಗಾರ ಜೀನುಗಳು ತುಂಬಿರುವಂಥದ್ದು, ಸಾಮಾನ್ಯವಾಗಿ ನಟ್ಟನಡುವೆ. ಹದಿನೆಂಟನೆಯದರಲ್ಲಿ ಜೀನುಗಳು ಕಡಿಮೆ, ಅದು ಗೋಡೆಗೆ ಒರಗಿಕೊಂಡಿರುತ್ತದೆ, ಮದುವೆಮನೆಯಲ್ಲಿ ಯಾರ ಪರಿಚಯವೂ ಇಲ್ಲದವರು ನಿಲ್ಲುವ ಹಾಗೆ. ಕವಿತೆ ಓದಿ ಓದಿ ನನಗಂಟಿದ ಕೆಟ್ಟ ಚಾಳಿ ಇದು, ಒಂದನ್ನು ಇನ್ನೊಂದರ ಹಾಗೆ ನೋಡುವುದು. ಲ್ಯಾಬಿನಲ್ಲಿ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಹೊಸ ಪ್ರೋಬ್ ಬಂದಾಗ ಆರೋಗ್ಯವಂತರ ಕೋಶದ ಮೇಲೆ ಪರೀಕ್ಷಿಸಬೇಕು. ಅದಕ್ಕೆ ನಾವೇ ಬಲಿಪಶುಗಳು, ನಮ್ಮ ಮನೆಯವರೂ. ಹೋದ ವರ್ಷ ನೀನು ತೋಳು ಚಾಚಿ ಕೂತು ರಕ್ತ ಕೊಟ್ಟದ್ದು, ಶೀಶೆಯ ಮೇಲಿನ ಚೀಟಿ ಓದಿ "ನಾರ್ಮಲ್ ಅಂತ ಬರೆದಿದಾರೆ! ಸರ್ಟಿಫಿಕೇಟ್ ಕೊಡಿ, ಫ್ರೇಮ್ ಹಾಕಿಸ್ತೀನಿ, ನಮ್ಮಮ್ಮ ಒಪ್ಪಲ್ಲ" ಎಂದು ಎಲ್ಲರನ್ನೂ ನಗಿಸಿದ್ದು ಮರೆತಿಲ್ಲ. ಅಂದಿನಿಂದ ಫ್ರೀಜರಿನಲ್ಲಿ ಎರಡು ಪೆಟ್ಟಿಗೆ ಪಕ್ಕಪಕ್ಕ: "ಮೇಡಂ" ಮತ್ತು "ಮೇಡಂ ಮಗಳು". ನಿನ್ನ ಸ್ಲೈಡುಗಳೆಲ್ಲ ಖರ್ಚಾಗಿ ಒಂದೇ ಒಂದು ಉಳಿದಿತ್ತು.

ಆತುರದ ಡಾಕ್ಟರ್ ಅದನ್ನೇ ತೆಗೆದು ಬಣ್ಣ ಹಾಕಿದ. ಜೊತೆಗೆ ನನ್ನದೂ ಒಂದು. ಶುಕ್ರವಾರ ಊಟದ ಹೊತ್ತಿಗೆ ಓಡಿಬಂದ.

"ಮೇಡಂ, ಚಿತ್ರ ಸಿಕ್ಕಿಬಿಡ್ತು! ಇಲ್ಲಿ ನೋಡಿ, ನಿಮ್ಮ ಕೋಶ, ನಿಮ್ಮ ಮಗಳ ಕೋಶ. ಕೆಂಪು ಒಂದು ಮೇಲೆ, ಇನ್ನೊಂದು ಎಡಕ್ಕೆ ಗೋಡೆಗೆ. ಹಸಿರು ಎರಡೂ ನಡುವೆ. ಅಚ್ಚು ಹೊಡೆದ ಹಾಗಿದೆ! ತಾಯಿ ಮಗಳು ಅಂದ್ರೆ ಸುಮ್ನೇನಾ? ಕೆಳಗೆ 'ತಾಯಿ, ಮಗಳು' ಅಂತ ಎರಡೇ ಪದ. ಜನ ಕಣ್ಣೀರು ಹಾಕ್ತಾರೆ ಮೇಡಂ!"

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಅಲ್ಲೇ ಕೂರಿಸಿ ಬಿಡಿಸಿ ಹೇಳುತ್ತಿದ್ದೆ. ಕೆಂಪು ಗೋಡೆಯ ಕಡೆಗೆ ಇರುವುದು ಎಲ್ಲ ಮನುಷ್ಯರಲ್ಲೂ ಸಾಮಾನ್ಯ. ಯಾವ ಗೋಡೆ, ಯಾವ ಮೂಲೆ ಎಂಬುದು ಕೋಶದಿಂದ ಕೋಶಕ್ಕೆ ಬೇರೆ. ಒಬ್ಬರದೇ ಎರಡು ಕೋಶ ಒಂದೇ ಥರ ಇರುವುದಿಲ್ಲ. ಸಾವಿರದಲ್ಲಿ ಒಂದನ್ನು ಆರಿಸಿ ತೋರಿಸಿದರೆ ಯಾರಿಗೆ ಯಾರನ್ನು ಬೇಕಾದರೂ ನೆಂಟರನ್ನಾಗಿ ಮಾಡಬಹುದು. ಈ ಮೋಸಕ್ಕೆ ಬೀಳದಿರಲೆಂದೇ ನಮ್ಮಲ್ಲೊಂದು ಕ್ರಮವಿದೆ. ಮೊದಲು ಬರೀ ನೀಲಿ ಬೆಳಕಿನಲ್ಲಿ, ಕೆಂಪು ಹಸಿರು ಕಾಣದ ಹಾಗೆ, ಕೋಶಗಳನ್ನು ಆರಿಸಬೇಕು. ಆರಿಸಿದ ಮೇಲೆ ಬಣ್ಣ ನೋಡಬೇಕು. ಬಂದದ್ದನ್ನು ಒಪ್ಪಿಕೊಳ್ಳಬೇಕು. "ಮೊದಲು ಆರಿಸಿ, ಆಮೇಲೆ ನೋಡಿ" ಎಂದು ಕತ್ತಲೆ ಕೋಣೆಯ ಬಾಗಿಲಿಗೆ ಅಂಟಿಸಿರುವ ಕಾಗದದ ಮೇಲಿರುವುದು ನನ್ನದೇ ಅಕ್ಷರ.

ಆದರೆ ಗೀಜಗ, ಅವನಿಗೆ ಏನೂ ಹೇಳಲಿಲ್ಲ. "ಸ್ಲೈಡು ಇಲ್ಲಿಟ್ಟು ಹೋಗಿ, ನಾನೊಮ್ಮೆ ನೋಡ್ತೀನಿ" ಎಂದೆ. ಅವನು ಹೋದ ಮೇಲೆ ಕೋಣೆಯ ಪರದೆ ಎಳೆದೆ.

ನನ್ನದನ್ನು ಮೊದಲು ನೋಡಿದೆ. ನನ್ನ ಹತ್ತಾರು ಕೋಶಗಳ ಚಿತ್ರ ತೆಗೆದು ಕಂಪ್ಯೂಟರಿನ ಪರದೆಯ ಒಂದು ಬದಿಗೆ ಹಾಕಿಕೊಂಡೆ. ಆಮೇಲೆ ನಿನ್ನ ಸ್ಲೈಡು ಇಟ್ಟು, ಕೆಂಪು ಹಸಿರು ಎರಡೂ ದೀಪ ಹಚ್ಚಿಕೊಂಡೇ, ನನ್ನದರ ಹಾಗಿರುವುದನ್ನು ಹುಡುಕುತ್ತ ಹೊರಟೆ. ಒಂದು ಸಿಕ್ಕಿತು. ಕೆಂಪೆರಡೂ ಕೆಳಗೆ, ಹಸಿರು ಒಂದರ ಮೇಲೊಂದು. ಇನ್ನೊಂದು ಸಿಕ್ಕಿತು. ಪೀಠಿಕೆ ಗೊತ್ತಿದ್ದೂ, ಉಪಸಂಹಾರ ಗೊತ್ತಿದ್ದೂ, ನಡುವಿನ ಒಂದು ಸುಳ್ಳು ಸಾಲಿಗೆ ಮನಸೋತು ಮತ್ತೆ ಮತ್ತೆ ಓದುವ ಹಾಗೆ ಮುಂದಕ್ಕೆ ಹೋಗುತ್ತಲೇ ಇದ್ದೆ. ನಿನ್ನ ಕಿವಿ ನನ್ನದಲ್ಲ, ಮೂಗು ನನ್ನದಲ್ಲ, ನಗುವಾಗ ಹೆಗಲು ಕುಣಿಸುವುದು ಎಲ್ಲಿಂದ ಬಂತು ಎಂಬುದೂ ಈಗ ನಿನಗೆ ಗೊತ್ತಾಗಿರಬಹುದು. ಇಷ್ಟು ಒಳಗೆ, ಯಾರ ಕಣ್ಣಿಗೂ ಕಾಣದ ಕಡೆ, ಒಂದು ಕಣದಲ್ಲಾದರೂ ನನ್ನ ಮನೆಯ ಹಾಗೆ ಸಾಮಾನು ಜೋಡಿಸಿಟ್ಟಿರುತ್ತದೇನೋ ಎಂದು ನೋಡಿದೆ.

ಹೊಳೆಯುವ ಬಣ್ಣಗಳಿಗೆ ಒಂದು ಗುಣವಿದೆ. ದೀಪ ಹಚ್ಚಿಟ್ಟು ನೋಡಿದಷ್ಟೂ ಅವು ಮಾಸುತ್ತವೆ. ಆದ್ದರಿಂದ ಬೇಗ ನೋಡಿ, ಚಿತ್ರ ತೆಗೆದು, ದೀಪ ಮುಚ್ಚಬೇಕು. ನಾನು ಮುಚ್ಚಲಿಲ್ಲ. ನಿನ್ನ ಸ್ಲೈಡಿನ ಚಿತ್ರವನ್ನೂ ತೆಗೆಯಲಿಲ್ಲ, ಕಣ್ಣಲ್ಲೇ ಹುಡುಕುತ್ತಿದ್ದೆ. ಒಂದೊಂದು ಕೋಶಕ್ಕೂ ಮತ್ತೆ ಮತ್ತೆ ಹಿಂತಿರುಗಿ ಬಂದೆ. ಮೊದಲು ಕೆಂಪು ಮಂಕಾಯಿತು. ಕನ್ನಡಕ ಒರೆಸಿಕೊಂಡೆ. ಆಮೇಲೆ ಹಸಿರು.

ಪರದೆ ಸರಿಸಿ ಲೇಸರ್ ಮಾಮ ಬಂದರು. ಆ ಹೆಸರು ನೀನಿಟ್ಟದ್ದು, ಈಗ ಡೈರೆಕ್ಟರೂ ಹಾಗೇ ಕರೆಯುತ್ತಾರೆ. ಮೈಕ್ರೋಸ್ಕೋಪುಗಳೆಲ್ಲ ಅವರ ಮಕ್ಕಳಿದ್ದ ಹಾಗೆ, ಅವುಗಳ ದೀಪ ಸುಮ್ಮನೆ ಉರಿಯುವುದನ್ನು ಅವರು ಸಹಿಸುವುದಿಲ್ಲ.

"ಏನ್ರೀ ಇದು! ಶಟರ್ ತೆಗೆದೇ ಇಟ್ಟಿದೀರಲ್ಲ! ಸ್ಲೈಡು ಸುಟ್ಟು ಬೂದಿಯಾಯ್ತು. ಹೊಸಬರು ಹೀಗೆ ಮಾಡಿದ್ರೆ ಕಿವಿ ಹಿಂಡೋರು ನೀವೇ."

ಅವರು ಬಗ್ಗಿ ಸ್ಲೈಡಿನ ಚೀಟಿ ಓದಿದರು. ಕಂಪ್ಯೂಟರಿನ ಪರದೆಯ ಮೇಲೆ ಸಾಲಾಗಿದ್ದ ನನ್ನ ಕೋಶಗಳನ್ನು ನೋಡಿದರು. ಅವರಿಗೆ ನಮ್ಮ ವಿಷಯ ಎಲ್ಲ ಗೊತ್ತು. ನಿನ್ನನ್ನು ಮನೆಗೆ ಕರೆತಂದ ದಿನ ಕಾರು ಓಡಿಸಿದವರು ಅವರು. ಪಕ್ಕದ ಸ್ಟೂಲು ಎಳೆದುಕೊಂಡು ಕೂತರು.

"ಸಿಕ್ತಾ?" ಎಂದರು.

"ಏನು?"

"ಹುಡುಕ್ತಿದ್ದದ್ದು."

"ಸಿಕ್ತು. ಬೇಕಾದಷ್ಟು ಸಿಕ್ತು" ಎಂದೆ.

"ಸಿಗದೆ ಏನು? ಫ್ರೀಜರಿನಲ್ಲಿ ನನ್ನ ಸ್ಲೈಡೂ ಇದೆ, ಹಾಕಿ ನೋಡಿ. ಸಂಜೆಯೊಳಗೆ ನಾನು ಅವಳ ಸ್ವಂತ ಸೋದರಮಾವ ಆಗಿಬಿಡ್ತೀನಿ, ಮದುವೆ ಖರ್ಚೂ ನನ್ನ ತಲೆಗೆ."

ನಕ್ಕೆ. ನಗುತ್ತ ನಗುತ್ತ ಮೂಗು ಕಟ್ಟಿತು. ಅವರು ಬೇರೇನೂ ಕೇಳದೆ ದೀಪ ಆರಿಸಿ, ಸ್ಪಷ್ಟ ಕಾಣಲೆಂದು ಲೆನ್ಸಿಗೆ ಹಚ್ಚುವ ಎಣ್ಣೆಯನ್ನು ಒರೆಸುತ್ತ ಕೂತರು. ಮನುಷ್ಯರಿಗೆ ಸಮಾಧಾನ ಹೇಳಲು ಅವರಿಗೆ ಬರುವುದಿಲ್ಲ, ಆದರೆ ಅಷ್ಟು ಹೊತ್ತು ಒರೆಸುವಷ್ಟು ಎಣ್ಣೆ ಯಾವ ಲೆನ್ಸಿಗೂ ಅಂಟಿರುವುದಿಲ್ಲ.

ಹೊರಡುವ ಮುಂಚೆ ದೀಪ ಹಚ್ಚಿ ಇನ್ನೊಮ್ಮೆ ಇಣುಕಿದೆ. ನೀಲಿ ಮಾತ್ರ ಉಳಿದಿತ್ತು. ದುಂಡಗೆ, ಒಂದಿಷ್ಟೂ ಮುಕ್ಕಾಗದೆ, ನಿನ್ನ ಕೋಶಗಳು ಕತ್ತಲಲ್ಲಿ ತೇಲುತ್ತಿದ್ದವು. ಒಳಗೆ ಯಾರು ಎಲ್ಲಿ ಕೂತಿದ್ದಾರೆ ಎಂದು ಹೇಳಲು ಏನೂ ಇರಲಿಲ್ಲ.

ಆತುರದ ಡಾಕ್ಟರಿಗೆ ಶನಿವಾರ ಹೇಳಿದೆ. "ಆ ಚಿತ್ರ ಬೇಡ. ಅವಳನ್ನ ಕೇಳಿಲ್ಲ, ಅದೊಂದು. ಇನ್ನೊಂದು, ಅವಳು ನಾನು ಹೆತ್ತ ಮಗಳಲ್ಲ."

"ಅಯ್ಯೋ, ಸಾರಿ ಮೇಡಂ. ಗೊತ್ತಿದ್ರೆ ಅಷ್ಟು ಹೋಲಿಕೆ ಕಾಣ್ತಾನೇ ಇರ್ಲಿಲ್ಲ..." ಎಂದವನು ಅರ್ಧಕ್ಕೆ ನಿಲ್ಲಿಸಿ, "ಅಂದ್ರೆ, ನಾನು ಹೇಳಿದ್ದು..." ಎಂದು ತಡವರಿಸಿದ.

"ನೀವು ಹೇಳಿದ್ದು ಸರಿಯಾಗೇ ಇದೆ. ಗೊತ್ತಿದ್ದದ್ದೇ ಕಾಣೋದು. ಬಾಗಿಲ ಮೇಲೆ ಅದನ್ನೇ ಬರೆದಿರೋದು" ಎಂದೆ. ಸ್ವಲ್ಪ ಹೊತ್ತು ಬಿಟ್ಟು ಅವನು ಒಂದು ಕಪ್ ಟೀ ತಂದು ಮೇಜಿನ ಮೇಲಿಟ್ಟು, ಮೊದಲ ಸಲ, ಬಾಗಿಲನ್ನು ನಿಧಾನವಾಗಿ ಎಳೆದುಕೊಂಡು ಹೋದ.

ಇಷ್ಟೇ ಸುದ್ದಿ. ನಿನ್ನ ಕೊನೆಯ ಸ್ಲೈಡು ಹಾಳುಮಾಡಿದ್ದಕ್ಕೆ ಕ್ಷಮಿಸು. ಇನ್ನೊಂದು ಶೀಶೆ ರಕ್ತ ಕೊಡೆಂದು ಕೇಳುವುದಿಲ್ಲ. ಮುಂದಿನ ಪ್ರೋಬ್‌ಗೆ ಆತುರದ ಡಾಕ್ಟರ್ ತೋಳು ಚಾಚಲಿ, ಅವನೂ ನಾರ್ಮಲ್ಲೋ ಅಲ್ಲವೋ ತಿಳಿಯುತ್ತದೆ.

ಹೊರಗೆ ಬಿಸಿಲು ಎದುರು ಮನೆಯ ಕಿಟಕಿಯಿಂದ ಜಾರಿ ನಮ್ಮ ಮೇಜಿನವರೆಗೂ ಬಂದಿದೆ. ಕವಿತೆಯ ಪುಸ್ತಕವೊಂದು ಬೆಳಗಿನಿಂದ ಬೋರಲಾಗಿ ಬಿದ್ದಿದೆ, ಓದಲು ಆಗಲಿಲ್ಲ. ಹೊತ್ತಿಗೆ ಸರಿಯಾಗಿ ತಿನ್ನು, ನಕ್ಷೆ ಬಿಡಿಸುವಾಗ ಬೆನ್ನು ಬಾಗಿಸಿ ಕೂರಬೇಡ. ಅವರು ಕೌಂಟರಿನಲ್ಲಿ ದಿನವಿಡೀ ನಿಲ್ಲುವವರು, ಕಾಲು ನೋಯುತ್ತಿರುತ್ತದೆ. ನೀನು ಹೋದಾಗ ಕೂರಿಸಿ ಮಾತಾಡಿಸು. ಅವರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನನ್ನು ನೆನೆದಾಗಲೆಲ್ಲ ಒಳ್ಳೆಯದಾಗಲಿ ಎಂದುಕೊಳ್ಳುತ್ತಿರುತ್ತೇನೆ. ಲೆಕ್ಕ ಹಾಕಿದರೆ ಇಷ್ಟು ಹೊತ್ತಿಗೆ ನಿನಗೆ ಏಳು ಜನ್ಮಕ್ಕಾಗುವಷ್ಟು ಒಳ್ಳೆಯದಾಗಿರಬೇಕು.

ಮನೆಯಿಂದ,
ನಾನು

ತಾ.ಕ.: ಸಹಿಯ ಜಾಗದಲ್ಲಿ ಬರೀ "ನಾನು" ಎಂದಿರುವುದನ್ನು ನೀನು ನೋಡದೆ ಬಿಡುವವಳಲ್ಲ. ಎಂದಿನ ಪದ ಬರೆಯಲು ಹೋಗಿ ಪೆನ್ನು ನಿಂತಿತು. "ಏನಂತ ಕರೀಲಿ" ಎಂದು ನೀನು ಕೇಳಿ, ನಾನು ಸಲೀಸಾಗಿ ಉತ್ತರ ಕೊಟ್ಟ ದಿನದಿಂದ, ನೀನು ಮಾಡಿದ ಪ್ರತಿ ಫೋನೂ "ಹಲೋ" ಎಂದು ಶುರುವಾಗಿ "ಇಡ್ಲಾ?" ಎಂದು ಮುಗಿಯುತ್ತಿದೆ. ನಡುವೆ ಊಟ, ಕೆಲಸ, ಬಿಸಿಲು ಎಲ್ಲ ಇರುತ್ತದೆ. ನನ್ನನ್ನು ಮಾತ್ರ ನೀನು ಏನೆಂದೂ ಕರೆದಿಲ್ಲ. ಬೇಕೆಂದು ಮಾಡಿಲ್ಲ, ನನಗೆ ಗೊತ್ತು. ಇರುವ ಒಂದೇ ಪದವನ್ನು ಒಬ್ಬರಿಗೆ ಕೊಟ್ಟ ಮೇಲೆ ಇನ್ನೊಬ್ಬರ ಮುಂದೆ ಕೈ ಖಾಲಿ ಅನ್ನಿಸಿರಬೇಕು ನಿನಗೆ. ಅವರಿಗೆ ಕೊಡು ಎಂದದ್ದು ನಿಜ ಕಣೇ. ನನ್ನಿಂದ ತೆಗೆದು ಕೊಡು ಎಂದಿರಲಿಲ್ಲ. ಕೆಂಪು ಎರಡಿದ್ದವು ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನೊಮ್ಮೆ ಓದಿಕೋ. ಮತ್ತೆ ಮುಂದಿನ ಸಲ ಫೋನ್ ಮಾಡಿದಾಗ ಹಲೋ ಅನ್ನಬೇಡ.